ಅಣಸು

ಮಾಚೇನಹಳ್ಳಿ, ಮೂರನೇ ಅಡ್ಡರಸ್ತೆ, ಇಮಾಂಸಾಬರ ಲೇತು.
ಕರೆಂಟಿಲ್ಲದ ಒಂದು ಶನಿವಾರ
ಭದ್ರಾವತಿ ಬಸ್ಸಿಳಿದು ಬಂದ ಪುಟ್ಟೋಜಿ,
ಬಗಲಲ್ಲಿ ಗೋಣಿ ಸುತ್ತಿದ ಕೋಲು.
ಛತ್ರಿ ರಿಪೇರಿ ಇಲ್ಲಿ ಮಾಡಲ್ಲ ಅಂದೆ.
ನಗುತ್ತ ಬಿಚ್ಚಿದ:
ಸೊಂಟದೆತ್ತರ ಉಕ್ಕಿನ ಕಡ್ಡಿ,
ತುದಿಯಲ್ಲಿ ಬಾತುಕೋಳಿಯ ಕೊಕ್ಕು,
ಕೊಕ್ಕಿನ ಕತ್ತಿಗೊಂದು ದಪ್ಪ ಬಳೆ.

"ಗಾಲ್ಫ್ ಆಡೋಕೆ ಮುಂಚೆ ಇದನ್ನ ತೊಡಿಸಿ
ಹತ್ತು ಸಲ ಬೀಸಬೇಕು, ಮೈ ಬಿಸಿಯಾಗತ್ತೆ.
ಆಮೇಲೆ ಕಳಚಿದರೆ
ಕೋಲು ನವಿಲುಗರಿ."

ನನಗೆ ಅಜ್ಜಿಯ ಒನಕೆ ನೆನಪಾಯಿತು.
ಅದರ ತುದಿಗೂ ಇಂಥದೇ ಕಬ್ಬಿಣ, ಅಣಸು ಅನ್ನುತ್ತಿದ್ದಳು.
ಅದು ಕಳಚಿಡುವ ಒಡವೆಯಲ್ಲ.
ಒಮ್ಮೆ ತಾನಾಗಿ ಕಳಚಿ ಬಿದ್ದ ದಿನ
ಎಷ್ಟು ಕುಟ್ಟಿದರೂ ಬತ್ತ ಬತ್ತವಾಗೇ ಉಳಿದು
ಅಜ್ಜಿ ಒನಕೆಗೇ ಬೈದಿದ್ದಳು:
ಹಗುರಾದೆಯಾ, ಮುಂಡೇದೆ.

ಪಕ್ಕದ ಗುಜರಿಯ ತಕ್ಕಡಿಯಲ್ಲಿ ತೂಗಿದೆ.
ಇನ್ನೂರ ಎಂಬತ್ತು ಗ್ರಾಂ.
"ಇಪ್ಪತ್ತು ಕಮ್ಮಿ ಮಾಡು ತಾಯೀ,
ಈಚೆಗೆ ಭುಜ ಮಾತು ಕೇಳಲ್ಲ."

ಕರೆಂಟು ಬಂತು.
ಬಳೆಯನ್ನು ಚಕ್‌ಗೆ ಕಚ್ಚಿಸಿ ಟೂಲು ತಾಗಿಸಿದೆ.
ಉಕ್ಕು ನೀಲಿಯಾಗಿ ಸುರುಳಿ ಬಿಚ್ಚಿತು.
ಮುಟ್ಟಬೇಡಿ, ಸುಡತ್ತೆ ಅನ್ನುವಷ್ಟರಲ್ಲಿ
ಒಂದು ಸುರುಳಿ ಅವನ ಜೇಬಲ್ಲಿತ್ತು.

ಆಮೇಲೆ ಬರುತ್ತಲೇ ಇದ್ದ.
ದಸರೆ ಕಳೆದು, ಬೇಸಿಗೆ ಬಂದು, ಕೆಲವೊಮ್ಮೆ ವರ್ಷ ಬಿಟ್ಟು.
ಲೇತಿನ ಹಿಂದಿನ ಗೋಡೆಗೆ ಸೀಮೆಸುಣ್ಣದಲ್ಲಿ ನನ್ನ ಲೆಕ್ಕ:
ಇನ್ನೂರರವತ್ತು.
ಇನ್ನೂರು.
ನೂರ ಐವತ್ತು.
ಪ್ರತಿ ಸಲ ನಲವತ್ತು ರೂಪಾಯಿ, ಒಂದು ಸುರುಳಿ ಜೇಬಿಗೆ.

ಒಂಬತ್ತನೇ ವಯಸ್ಸಿಗೆ ಬ್ಯಾಗು ಹೊತ್ತನಂತೆ,
ಒಂದು ಬ್ಯಾಗಿಗೆ ಹದಿನಾಲ್ಕು ಕೋಲು.
ಯಾವ ಸಾಹೇಬರ ಚೆಂಡು ಯಾವ ಪೊದೆಗೆ ಬೀಳತ್ತೆ ಅಂತ
ಹೊಡೆಯೋ ಮೊದಲೇ ಪೊದೆಯತ್ತ ನಡೆಯುತ್ತಿದ್ದನಂತೆ.
ವರ್ಗವಾಗಿ ಹೋದ ಒಬ್ಬರು ಈ ಒಂದನ್ನು ಕೊಟ್ಟು ಹೋದರು.

"ನೀವು ಎಷ್ಟು ದೂರ ಹೊಡೀತಿದ್ರಿ?"
"ಹೊಡೆದಿಲ್ಲ.
ಸಾಹೇಬರು ಚಾ ಮುಗಿಸೋದರೊಳಗೆ
ಬಳೆ ಹಾಕಿ ಬೀಸಿ ನೋಡಿ ಇಡೋದು, ಅಷ್ಟೇ ನನ್ನ ಕೆಲಸ."
"ಈಗ ಆಡಬಹುದಲ್ಲ?"
"ಈಗ ಅಲ್ಲಿ ಲಂಟಾನ, ಆಳೆತ್ತರ."
"ಮತ್ತೆ ಯಾಕೆ ಬೀಸ್ತೀರಿ?"
ನಾನು ಕೇಳಬಾರದ್ದನ್ನೇನೋ ಕೇಳಿದ ಹಾಗೆ ನೋಡಿದ.
"ಬೆಳಿಗ್ಗೆ ಹತ್ತು ಸಲ.
ಆಮೇಲೆ ಬಳೆ ಕಳಚಿ ಮನೆಗೆ ಬರ್ತೀನಿ."

ನೂರ ಹತ್ತು.

ಕಳೆದ ತಿಂಗಳು ಬಳೆ ತಗೊಂಡು ಬೆಳಕಿಗೆ ಹಿಡಿದೆ.
ಗೋಡೆ ಎಷ್ಟು ತೆಳು ಅಂದರೆ
ಚಕ್‌ ಇನ್ನೊಂದು ಎಳೆ ಬಿಗಿದರೆ ಮೊಟ್ಟೆಯಾಗಿಬಿಡತ್ತೆ,
ಕಟ್ ಹಾಕಿದರೆ ಎರಡು ಚೂರು.
ಹೇಳಬೇಕಿತ್ತು.
ಮೆಲ್ಲಗೆ ಕಚ್ಚಿಸಿ ಮಷಿನ್ ಓಡಿಸಿದೆ,
ಟೂಲು ಮುಟ್ಟಿಸಲಿಲ್ಲ.
ಎಮರಿ ಕಾಗದ ಮಾತ್ರ ಹಿಡಿದೆ, ಹೊಸ ನಾಣ್ಯದ ಹಾಗೆ ಹೊಳೆಯುವವರೆಗೆ.

ಅಂಗಳಕ್ಕೆ ಒಯ್ದ.
ಗುಜರಿ ಗುಡ್ಡೆಯ ಮೇಲಿದ್ದ ನಾಯಿ ತಾನೇ ಎದ್ದು ಜಾಗ ಬಿಟ್ಟಿತು.
ಕಾಲು ಅಗಲಿಸಿದ, ಮೊಣಕಾಲು ಒಂದಿಷ್ಟು ಮಡಿಸಿದ,
ಇಲ್ಲದ ಚೆಂಡನ್ನು ಎಷ್ಟೋ ಹೊತ್ತು ನೋಡಿದ.
ಬೀಸಿದ.
ಕೋಲು ಭುಜದಾಚೆ ಹೋಗಿ ನಿಂತಾಗ
ಅವನ ಹಿಮ್ಮಡಿ ನೆಲ ಬಿಟ್ಟಿತ್ತು.
"ಹಾಂ. ಈಗ ಹಗುರ."

ಒಳಗೆ ಬಂದ. ಲೇತಿನ ಟ್ರೇಗೆ ಬಗ್ಗಿದ.
ಒಂದು ಸುರುಳಿಯೂ ಇಲ್ಲ.
ನನ್ನನ್ನು ನೋಡಿದ.
ನಾನು ಕೈ ಒರೆಸುವ ಬಟ್ಟೆ ಹುಡುಕುತ್ತಿದ್ದೆ, ಅದು ಹೆಗಲ ಮೇಲೇ ಇತ್ತು.
"ಎಷ್ಟಾಯ್ತು?"
ಬೇಡ ಅಂದರೆ ಸಿಕ್ಕಿಬೀಳುತ್ತೇನೆ.
"ನಲವತ್ತು."
ಎಣಿಸಿ ಕೊಟ್ಟ, ಹತ್ತರ ನಾಲ್ಕು ನೋಟು.
ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ನಿಂತೆ.

ಗೋಣಿ ಸುತ್ತುತ್ತ, ತಲೆಯೆತ್ತದೆ,
"ತೊಂಬತ್ತು ಅಂತ ಬರಿ ತಾಯೀ" ಅಂದ.