ಮೇಸ್ತ್ರಿ ಹೇಗೆ ಅಂತ ಕೇಳಿದಿರಲ್ಲ

ಬೆಳ್ಳಶೆಟ್ಟಿ ಹೇಗೆ ಅಂತ ಕೇಳಿದಿರಲ್ಲ,
ಕೂತ್ಕೊಳ್ಳಿ, ಒಂದು ಮಾತಿಗೆ ಮುಗಿಯೋದಲ್ಲ ಅದು.
ನಿಮ್ಮ ರವಿಕೆ ಬಟ್ಟೆ ಅಲ್ಲಿಡಿ, ಆ ಕಟ್ಟೆ ಮೇಲೆ.

ಗುತ್ತಲು ರಸ್ತೆಯ ಈ ಒಂದೂವರೆ ಕೋಣೆ:
ಮುಂದೆ ಅಂಗಡಿ, ಹಿಂದೆ ಒಲೆ, ನಡುವೆ ನಾನು, ನನ್ನ ಮಿಷನ್ನು.
ಹಿತ್ತಿಲಿಗೊಂದು ಬಚ್ಚಲು ಕಟ್ಟಬೇಕು,
ಗೋಡೆ ಒಡೆದು ಕಿಟಕಿ ಇಡಬೇಕು,
ಅಷ್ಟೇ ಕೆಲಸ. ಇಪ್ಪತ್ತು ದಿನ ಅಂದ.
ಅವನ ಇಪ್ಪತ್ತಕ್ಕೂ ಕ್ಯಾಲೆಂಡರಿನ ಇಪ್ಪತ್ತಕ್ಕೂ
ಹೆಸರು ಒಂದೇ, ಗೋತ್ರ ಬೇರೆ.

ಮೊದಲ ದಿನ ಬಂದವನು ಟೇಪು ತೆಗೀಲಿಲ್ಲ.
ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಲ್ಲಿ ತಟ್ಟಿದ,
ಹಲಸಿನಹಣ್ಣು ಕೊಳ್ಳುವವನ ಹಾಗೆ.
'ಯಾರು ಕಟ್ಟಿದ್ದು ಇದನ್ನ? ಸಿಮೆಂಟಿಗಿಂತ ನೀರೇ ಜಾಸ್ತಿ.'
ಆಮೇಲೆ ಗೊತ್ತಾಯಿತು,
ಹಿಂದಿನ ಮೇಸ್ತ್ರಿಯನ್ನ ಬೈಯದೆ
ಯಾವ ಮೇಸ್ತ್ರಿಯೂ ಕರಣೆ ಮುಟ್ಟಲ್ಲ.
ನಾನೂ ಅಷ್ಟೆ, ಬೇರೆಯವರು ಹೊಲಿದದ್ದು ಕೈಗೆ ಬಂದರೆ
ಮೊದಲು ಕಂಕುಳ ತಿರುಗಿಸಿ ನೋಡಿ ಲೊಚಗುಟ್ಟುತ್ತೇನೆ.

ಅಡ್ವಾನ್ಸು ಹದಿನೈದು ಸಾವಿರ.
ಮರಳು ಬಂತು, ಇಟ್ಟಿಗೆ ಬಂತು, ಮೇಸ್ತ್ರಿ ಬರಲಿಲ್ಲ.
ಫೋನು ಮಾಡಿದರೆ ಅವನ ಮಾತಿನ ಹಿಂದೆ
ಇನ್ಯಾರದೋ ಮನೆಯ ಕಲ್ಲು ಕೊಯ್ಯುವ ಸದ್ದು.
'ದಾರೀಲಿದೀನಿ ಅಕ್ಕಾ.'
ಯಾವ ದಾರಿಯೋ!
ಮಂಡ್ಯದಿಂದ ಮಂಡ್ಯಕ್ಕೆ ನಾಲ್ಕು ದಿನದ ದಾರಿ.
ಒಡೆದ ಗೋಡೆಗೆ ಹಳೇ ಸೀರೆ ಕಟ್ಟಿ
ಎದುರುಮನೆ ಪ್ರಮೀಳಮ್ಮನ ಬಚ್ಚಲಲ್ಲಿ ಮಿಂದೆ.
ಅವರು ಒಂದು ಮಾತೂ ಆಡಲಿಲ್ಲ. ಅವರ ಬಕೆಟ್ಟು ಮಾತ್ರ
ದಿನದಿಂದ ದಿನಕ್ಕೆ ಜೋರಾಗಿ ಕೂತಿತು.

ಬೈಯೋಣ ಅಂತ ಬಾಯಿ ತೆರೆದವಳಿಗೆ
ಗೂಟದಲ್ಲಿ ನೇತಾಡುವ ಚೀಲ ಕಂಡವು.
ಗೌರಿಹಬ್ಬಕ್ಕೆ ಕೊಡ್ತೀನಿ ಅಂದು
ಆಯುಧಪೂಜೆಗೂ ಕೊಡದ ಏಳು ರವಿಕೆ.
'ಹುಕ್ಕು ಒಂದೇ ಬಾಕಿ' ಅಂತ ನಾನು,
'ಪಾಲಿಶ್ ಒಂದೇ ಬಾಕಿ' ಅಂತ ಅವನು.
ಬಾಯಿ ಮುಚ್ಚಿಕೊಂಡೆ. ಪೂರ್ತಿ ಅಲ್ಲ.

ಬಂದ ದಿನ ಮಾತ್ರ ಅವನನ್ನ ನೋಡಬೇಕು.
ತೂಗುಗುಂಡು ಇಳಿಬಿಟ್ಟು, ಅದು ಆಡೋದು ನಿಲ್ಲುವ ತನಕ
ತಾನೂ ಉಸಿರು ಹಿಡಿದು ನಿಲ್ತಾನೆ.
ಗಾರೆ ಕಲಸುವ ಚಿಕ್ಕತಾಯಮ್ಮ
ಅವನಿಗಿಂತ ಮೊದಲೇ ಹೇಳ್ತಾಳೆ ನೀರೆಷ್ಟು ಅಂತ,
ಕೂಲಿ ಮಾತ್ರ ಅವನದರ ಅರ್ಧ.
ಅದನ್ನೂ ಕೇಳಿದೆ.
ಅವನು ರಸಮಟ್ಟದ ಗುಳ್ಳೆ ನೋಡುತ್ತ ಕೂತ.

ಕಿಟಕಿಗೆ ದೊಡ್ಡ ಜಗಳ.
ಗೋಡೆಯ ನಡುವಿಗೆ ಅಂತ ಚೀಟಿ ಬರೆದುಕೊಟ್ಟಿದ್ದೆ.
ಒಂದು ಸಂಜೆ, ಹೇಳದೆ ಕೇಳದೆ, ನನ್ನ ಸ್ಟೂಲಿನ ಮೇಲೆ ಕೂತ,
ಕಾಲು ಪೆಡಲಿನ ಮೇಲೆ, ಕಣ್ಣು ಸೂಜಿಯ ಮೇಲೆ,
ಸಿಮೆಂಟಿನ ಕೈ ಮಡಿಲಲ್ಲಿ, ಬಟ್ಟೆಗೆ ತಾಗದ ಹಾಗೆ.
ಎದ್ದು, ಒಂದೂವರೆ ಅಡಿ ಎಡಕ್ಕೆ ಗೆರೆ ಎಳೆದ.
ಕೂಗಾಡಿದೆ. ದುಡ್ಡು ನನ್ನದು, ಗೋಡೆ ನನ್ನದು ಅಂದೆ.
'ಕಣ್ಣೂ ನಿಮ್ದೇ' ಅಂದ, ಇಟ್ಟಿಗೆ ಬಿಡಿಸುತ್ತ.

ಇನ್ನು ಬಚ್ಚಲು.
ಅದರ ಒಂದು ಮೂಲೆಯಲ್ಲಿ ಇವತ್ತಿಗೂ ನೀರು ನಿಲ್ಲುತ್ತೆ,
ಒಂದು ಬೊಗಸೆಯಷ್ಟು. ವಾಟ ತಪ್ಪಿದೆ, ಮುಚ್ಚಿಡಲ್ಲ.
ಇಪ್ಪತ್ತು ದಿನ ಅರವತ್ತೇಳಾಯಿತು.
ಮಾತಿಗಿಂತ ಒಂಬತ್ತು ಸಾವಿರ ಹೆಚ್ಚು ಹೋಯಿತು,
ಅದರಲ್ಲಿ ಎರಡಕ್ಕೆ ರಸೀದಿಯೇ ಇಲ್ಲ.
ಆ ಮೂಲೆಗೆ ಅಂತ ನಾಲ್ಕು ಸಾವಿರ ಹಿಡಿದಿಟ್ಟಿದ್ದೀನಿ,
ಹುಕ್ಕಿನ ಡಬ್ಬಿಯಲ್ಲಿ.
ಅವನು ಬಂದೂ ಇಲ್ಲ, ಕೇಳಿಯೂ ಇಲ್ಲ.
ಡಬ್ಬಿ ತೆರೆದಾಗೆಲ್ಲ
ಹುಕ್ಕಿಗಿಂತ ನೋಟು ಚುಚ್ಚುತ್ತೆ.

ಕೆಲಸ ಕೊಡಬಹುದಾ ಅಂತೀರಾ?
ಕೊಡಿ. ದುಡ್ಡು ಮಾತ್ರ ಶನಿವಾರ ಶನಿವಾರ, ಆದ ಕೆಲಸ ನೋಡಿ.
ಚಿಕ್ಕತಾಯಮ್ಮನ ಕೂಲಿ ಅವಳ ಕೈಗೇ ಹಾಕಿ.
ಟೈಲ್ಸು ಕೂರಿಸೋ ಮುಂಚೆ ಒಂದು ಚೊಂಬು ನೀರು ಸುರಿದು
ಅದು ಎಲ್ಲಿಗೆ ಹೋಗುತ್ತೆ ನೋಡಿ.

ಅಯ್ಯೋ, ನಾಲ್ಕು ಗಂಟೆ.
ನೋಡಿ, ಬಂತು ಬಿಸಿಲು, ಸೀದಾ ಸೂಜಿಯ ಕಣ್ಣಿಗೆ.
ದೀಪ ಬೇಡ. ಕನ್ನಡಕ ಬೇಡ.
ಕೊಡಿ ನಿಮ್ಮ ಬಟ್ಟೆ. ಅಳತೆ ರವಿಕೆ ತಂದಿದ್ದೀರಾ?
ಶುಕ್ರವಾರ...
ಇಲ್ಲ, ಸುಳ್ಳು ಯಾಕೆ,
ಅದರ ಮುಂದಿನ ಶುಕ್ರವಾರ ಬನ್ನಿ.