ಮೀನು ಮುಗಿದಿದೆ

ಸೆತೂಬಲ್ ಬಂದರಿನ ಹಿಂದಿನ ಬೀದಿ, ಹದಿನಾಲ್ಕು ಮೇಜು.
ಇಪ್ಪತ್ತಾರು ವರ್ಷ ಇಲ್ಲೇ ತಟ್ಟೆ ಹೊತ್ತೆ.
ಯಜಮಾನ ಮೊದಲ ದಿನವೇ ಅಂದಿದ್ದ: ಅದೆಲೀನೊ,
ಗಾಜು ಒಡೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತೇನೆ,
ಗುಟ್ಟು ಒಡೆದರೆ ಮನೆಗೆ ನಡಿ.

ಮಂಗಳವಾರ ಸೆನ್ಯೋರ್ ವಲಾದಾರೆಸ್,
ಕಂಬದ ಮರೆಯ ಮೇಜು,
ಎದುರಿಗೆ ಅಂಚೆ ಕಚೇರಿಯ ಆ ಹೆಂಗಸು.
ಸುಟ್ಟ ಬೂತಾಯಿ, ಆರು.
ಒಂದೊಂದರ ಮುಳ್ಳನ್ನೂ ತಾನೇ ಬಿಡಿಸಿ
ಆಕೆಯ ತಟ್ಟೆಗೆ ಸರಿಸುತ್ತಿದ್ದ,
ಗಡಿಯಾರ ರಿಪೇರಿಯವನ ಬೆರಳು.
ನಾನು ನೀರಿಟ್ಟು ಗೋಡೆ ನೋಡುತ್ತಿದ್ದೆ.

ಭಾನುವಾರ ಅದೇ ಮನುಷ್ಯ, ಕಿಟಕಿ ಪಕ್ಕ,
ಜೊತೆಗೆ ಹೆಂಡತಿ ಗ್ರಾಸಿಯೇತೆ.
‘ಇವರಿಗೆ ಮೀನಿನ ವಾಸನೆಯೇ ಆಗದು.’
ಕೇಳುವ ಮೊದಲೇ ನಾನು: ಮೀನು ಮುಗಿದಿದೆ, ಸೆನ್ಯೋರಾ.
ಬಂದರಿನಲ್ಲಿ ನಿಂತು ಈ ಸುಳ್ಳು!
ಕೋಳಿ ಸಾರು ತಂದಿಡುತ್ತಿದ್ದೆ.

ಫೆಬ್ರವರಿಯಲ್ಲಿ ಅವನನ್ನು ಮಣ್ಣು ಮಾಡಿದರು.
ಆಮೇಲಿನ ಮೂರನೇ ಮಂಗಳವಾರ
ಕಪ್ಪು ಕೋಟಿನಲ್ಲಿ ಗ್ರಾಸಿಯೇತೆ, ಒಬ್ಬಳೇ.
ಕಿಟಕಿ ಪಕ್ಕದ ಕುರ್ಚಿ ಎಳೆದೆ. ನೋಡಲಿಲ್ಲ.
ನೇರ ಕಂಬದ ಮರೆಗೆ ಹೋಗಿ ಕೂತಳು.
‘ಅವರು ತಿನ್ನುತ್ತಿದ್ದುದನ್ನೇ ಕೊಡು.’

ಒಳಗೆ ಕೆಂಡದ ಮೇಲೆ ಬೂತಾಯಿ ಚುರ್ರೆನ್ನುತ್ತಿತ್ತು,
ಹೊಗೆ ನನ್ನ ಹೆಗಲು ದಾಟಿ ಮೇಜಿಗೇ ಬಂದಿತ್ತು.
ನಾಲಿಗೆಗೆ ಅದೊಂದೇ ಗೊತ್ತು:
‘ಮೀನು ಮುಗಿದಿದೆ, ಸೆನ್ಯೋರಾ.’

ಆಕೆ ಕೈವಸ್ತ್ರ ಬಿಡಿಸಿ
ತೊಡೆಯ ಮೇಲೆ ಹರಡಿಕೊಂಡಳು.
‘ಇಷ್ಟು ವರ್ಷ ಒಂದು ಸಲವೂ ತಪ್ಪಲಿಲ್ಲ ನೀನು.
ಪಾಪ, ಸಾಕು ಬಿಡು. ಆರು ತಾ.
ಮುಳ್ಳು ಬಿಡಿಸಲು ಬರುತ್ತದೆ ನನಗೆ,
ಅವರಿಗೆ ಕಲಿಸಿದ್ದೇ ನಾನು.’

ನೀರಿಟ್ಟೆ.
ಗೋಡೆಯ ಕಡೆ ತಿರುಗಿದೆ.