ಕೊನೆಯ ಹೆಸರು ಕಡ್ಡಾಯ

ಕೊನೆಯ ಹೆಸರು ಕಡ್ಡಾಯ ಅಂತು ಪರದೆ.
ಕೆಂಪು ಗೆರೆ ಎಳೆದು ಕೂತುಬಿಟ್ಟಿತು, ಮುಂದಕ್ಕೆ ಬಿಡದೆ.
ಗಂಗಾಂಬಿಕೆ, ಅಂದೆ.
ಅದು ಮೊದಲನೇದು ಆಂಟಿ, ಕೊನೇದು ಹೇಳಿ,
ಅಂದ ತೌಸೀಫ್, ಐ.ಜಿ. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ,
ಎರಡು ಆಧಾರ್ ಕಾರ್ಡುಗಳ ಲ್ಯಾಮಿನೇಷನ್ ನಡುವೆ.
ನಮ್ಮಲ್ಲಿ ಅಕ್ಷರಗಳು ಹೆಸರಿಗಿಂತ ಮೊದಲು ಬರುತ್ತವೆ,
ಊರಿನ ಕೆ, ಅಪ್ಪನ ಎಂ. ಹೆಸರಾದ ಮೇಲೆ ಏನೂ ಇಲ್ಲ.
ಊರನ್ನೇ ಎತ್ತಿ ಬಾಲಕ್ಕೆ ಕಟ್ಟಿದ:
ಗಂಗಾಂಬಿಕೆ ಕೆ.
ಕಳಸಾಪುರ ಹೀಗೆ ನನ್ನ ಮನೆತನವಾಯಿತು.

ಫೋಟೋಗೆ ಗೋಡೆಗೆ ಒರಗಿ ನಿಂತೆ. ನಗಿ, ಹಲ್ಲು ಬೇಡ.
ಅದರ ಸುತ್ತ ಹಸಿರು ಉಂಗುರ ಹಾಕಿದ,
ಕೆಲಸ ಹುಡುಕ್ತಿದ್ದೀನಿ ಅಂತ ಸಾರುವ ಉಂಗುರ.
ಸೀಮಂತಕ್ಕೆ ತೊಡಿಸಿದ ಬಳೆಯ ಬಣ್ಣ ಅದೇ.
ಆಗಲೂ ಹೀಗೇ, ಕಂಡವರೆಲ್ಲ
ಯಾವಾಗ? ಅನ್ನೋರು.

ಕೌಶಲ ಅಂತ ಒಂದು ಖಾನೆ.
ಹತ್ತೊಂಬತ್ತು ವರ್ಷ ಏನು ಮಾಡಿದ್ರಿ?
ಕಾಳು ಕಚ್ಚಿ ತೇವ ಹೇಳ್ತಿದ್ದೆ.
ಹತ್ತೂವರೆ ದಾಟಿದರೆ ಹಲ್ಲಿಗೆ ಮೆತ್ತಗೆ ಸಿಗುತ್ತೆ,
ಸರಿಯಾಗಿದ್ದರೆ ಟಕ್ ಅನ್ನುತ್ತೆ; ಆ ಸದ್ದು ಕೇಳಿ
ಎರಡು ಮೇಜಿನಾಚೆ ಮೈಮುನಾ ತಲೆಯಾಡಿಸೋಳು.
ಮೂಟೆಗೆ ಮೂಗಿಟ್ಟು, ಇದು ಕಣದಲ್ಲಿ ಮಳೆಗೆ ಸಿಕ್ಕಿದ್ದು,
ಇದು ಮೆಣಸಿನ ಜೊತೆ ಒಂದೇ ಗೋದಾಮಲ್ಲಿ ಮಲಗಿದ್ದು ಅಂತ...
ಅವನು ಟೈಪ್ ಮಾಡಿದ: ಕ್ವಾಲಿಟಿ ಕಂಟ್ರೋಲ್.
ಅಷ್ಟೇನಾ?
ಎಕ್ಸೆಲ್ ಬರುತ್ತಾ ಆಂಟಿ?

ನಿಮ್ಮನ್ನು ಬಲ್ಲವರನ್ನು ಸೇರಿಸಿ, ಅಂತು.
ಬಲ್ಲವರು ಮೂವತ್ತನಾಲ್ಕು ಜನ, ಒಂದೇ ಬೆಲ್ಟಿನ ಎರಡು ಬದಿ.
ಹುಡುಕಿದೆ. ಮೈಮುನಾ ಇಲ್ಲ. ಸಿಸಿಲಿ ಇಲ್ಲ.
ಪುಟ್ಟಲಿಂಗಿ ಎಂದು ಹೊಡೆದರೆ
ಪುಣೆಯ ಯಾವುದೋ ಬ್ಯಾಂಕಿನ ಮ್ಯಾನೇಜರನ್ನು ತೋರಿಸಿತು.
ಮುಚ್ಚಳ ತೆಗೆಯದೆ ನನ್ನ ಡಬ್ಬಿಯಲ್ಲಿ ಏನಿದೆ ಅಂತ ಹೇಳುವವರು
ಒಬ್ಬರೂ ಆ ಜಗತ್ತಿನಲ್ಲಿ ಇಲ್ಲ.

ಆರು ದಿನ ಸೊನ್ನೆ.
ನಾಲ್ಕು ಜನ ನಿಮ್ಮನ್ನು ನೋಡಿದ್ದಾರೆ, ಅಂತು.
ಯಾರು ಅಂದರೆ ದುಡ್ಡು ಕೇಳಿತು.
ಹೆಣ್ಣು ನೋಡಲು ಬಂದು ಉಪ್ಪಿಟ್ಟು ತಿಂದು
ಆಮೇಲೆ ಹೇಳಿ ಕಳಿಸ್ತೀವಿ ಅಂದವರ ಹಾಗೆ.

ಏಳನೆಯ ದಿನ ಕೈ ಚಾಚಿದವನು ಮುತ್ತುವೇಲ್.
ಕೊಯಮತ್ತೂರಿನವನು. ಬಣ್ಣ ನೋಡಿ ಆರಿಸುವ ಯಂತ್ರವನ್ನು
ನಮ್ಮ ಕ್ಯೂರಿಂಗ್ ವರ್ಕ್ಸಿಗೆ ತಂದು ಕೂರಿಸಿದವನು.
ಮೂರು ದಿನ ನಾನೇ ಪಕ್ಕ ನಿಂತು ತೋರಿಸಿದ್ದೆ:
ಇದು ಕಪ್ಪು. ಇದು ಕಪ್ಪಲ್ಲ, ನೆರಳು. ಇದು ಹುಳು ಕೊರೆದ ತೂತು.
ಅದು ಕಲಿತು, ಫೂ ಎಂದು ಊದಿ ಮೊದಲ ಕಾಳು ಹಾರಿಸಿದಾಗ
ಚಪ್ಪಾಳೆ ತಟ್ಟಿದವಳೂ ನಾನೇ.
ತಿಂಗಳೊಳಗೆ ಅದೇ ಗಾಳಿಗೆ
ನಾವು ಮೂವತ್ತೈದು ಜನ.

ನನ್ನ ಪುಟದಲ್ಲಿ ಅವನು ಹರುಕು ಇಂಗ್ಲಿಷಿನಲ್ಲಿ ಬರೆದಿದ್ದ,
ತೌಸೀಫ್ ಓದಿ ಹೇಳಿದ:
ಯಂತ್ರಕ್ಕೆ ಕಣ್ಣು ಕೊಟ್ಟಿದ್ದು ಕಂಪನಿ ಅಲ್ಲ, ಈ ಮೇಡಂ.
ಹತ್ತೊಂಬತ್ತು ವರ್ಷದಲ್ಲಿ ಇಂಥ ಮಾತು ಯಾರೂ ಬರೆದುಕೊಟ್ಟಿರಲಿಲ್ಲ.
ಮೂರು ಸಲ ಓದಿಸಿದೆ.

ಕೆಳಗೆ ಇನ್ನೊಂದು ಸಂದೇಶ, ನನಗೊಬ್ಬಳಿಗೆ:
ಹಾಸನದಲ್ಲಿ ಹೊಸ ಯಂತ್ರ ಕೂರಿಸ್ತಿದೀವಿ. ಬಂದು ಕಲಿಸಿಕೊಡಿ.
ದಿನಕ್ಕೆ ಒಂದೂವರೆ ಸಾವಿರ, ಊಟ, ರೂಮು.

ಏನಂತ ಹೊಡೀಲಿ ಆಂಟಿ?
ಹೊರಗೆ ಯಾವನೋ ಕಂಡಕ್ಟರ್
ಬೇಲೂರು ಹಾಸನ, ಬೇಲೂರು ಹಾಸನ ಅಂತ ಬಾಗಿಲು ಬಡಿಯುತ್ತಿದ್ದ.

ಕೇಳು, ಅಂದೆ.
ಅಲ್ಲಿ ಮೇಜಿನ ಮುಂದೆ ಈಗ ಎಷ್ಟು ಜನ ಕೂತಿದಾರೆ, ಕೇಳು.

ಆ ಕಡೆ ಮೂರು ಚುಕ್ಕಿ ಕುಣಿದವು, ನಿಂತವು, ಮತ್ತೆ ಕುಣಿದವು.
ನೂರರ ನೋಟು ಇಟ್ಟೆ. ಚಿಲ್ಲರೆ ಚಾಚಿದ ತೌಸೀಫ್.
ಕೈ ನೀಡದೆ ನಿಂತೇ ಇದ್ದೆ,
ಹಲ್ಲಿನ ನಡುವೆ ಕಾಳಿಟ್ಟುಕೊಂಡು
ಇನ್ನೂ ಕಚ್ಚದವಳ ಹಾಗೆ.